ರನ್‌ವೇ ಕೆಳಗಿನ ಊರು

ಗುಡೇಮಾರನಹಳ್ಳಿಯ ಟೀ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಏಪ್ರಿಲ್ ತಿಂಗಳು. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಎಲ್ಲಿ ಅನ್ನೋ ಗುಲ್ಲು ಜೋರಾಗಿತ್ತು. ಸರ್ಕಾರ ಮೂರು ಜಾಗ ತೋರಿಸಿತ್ತು. ಎರಡು ಕನಕಪುರ ರಸ್ತೆಯ ಕಡೆ, ಚೂಡಹಳ್ಳಿ ಮತ್ತು ಸೋಮನಹಳ್ಳಿ. ಮೂರನೆಯದು ನೆಲಮಂಗಲ-ಕುಣಿಗಲ್ ರಸ್ತೆಯ ಚಿಕ್ಕಸೋಲೂರು. ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಜಾಗ ನೋಡಿಕೊಂಡು ಹೋಗಿತ್ತು. ಸೋಲೂರು ಅಂದಮೇಲೆ ಗುಡೇಮಾರನಹಳ್ಳಿಯವರಿಗೆ ಅದು ದೂರದ ಸುದ್ದಿ ಅಲ್ಲ, ಪಕ್ಕದ ಮನೆ ಸುದ್ದಿ. ನಾವು ಮೈಕು, ಕ್ಯಾಮೆರಾ ಹಿಡ್ಕೊಂಡು ಅಲ್ಲಿಗೆ ಹೋಗಿದ್ವಿ.

ಎಕರೆಗೆ ಎಷ್ಟು ಸಿಗುತ್ತೆ ಅನ್ನೋ ಲೆಕ್ಕ ಕೆಲವರದ್ದು. ಎಷ್ಟು ಕೊಟ್ಟರೂ ಬೇಡ ಅನ್ನೋ ಹಟ ಇನ್ನು ಕೆಲವರದ್ದು. ಇವೆಲ್ಲ ನಾವು ನಿರೀಕ್ಷಿಸಿದ್ದ ಮಾತುಗಳೇ. ಆ ಹಿರಿಯರು ಮಾತ್ರ ಕ್ಯಾಮೆರಾ ಆಫ್ ಆದಮೇಲೆ ಹತ್ತಿರ ಬಂದು, "ಅಲ್ಲ ಕಣಪ್ಪ, ನೀನು ಇಂಜಿನಿಯರಿಂಗ್ ಓದಿದೋನು ಅಂತೀಯ. ಒಂದು ಊರಿನ ಮೇಲೆ ಏರ್‌ಪೋರ್ಟ್ ಕಟ್ಟಿದ್ರೆ, ಆ ಊರು ಇತ್ತು ಅನ್ನೋದನ್ನ ಆಮೇಲೆ ಯಾರು ಬರೆದು ಇಟ್ಕೋತಾರೆ?" ಅಂದ್ರು.

ಪ್ರಶ್ನೆ ನೋಡಿ. ಬೆಲೆ ಕೇಳಲಿಲ್ಲ, ವಿರೋಧಾನೂ ಮಾಡಲಿಲ್ಲ. ಬರೆದು ಇಟ್ಕೊಳ್ಳೋದು ಯಾರು ಅಂದ್ರು. ಸುಮ್ಮನೆ ನಕ್ಕು ಕಾರು ಹತ್ತಿದೆ. ಆದ್ರೆ ಕಾರು ನೆಲಮಂಗಲ ದಾಟೋ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಜಾಗ ಕೂತಿತ್ತು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯ. ಯುದ್ಧಕಾಲದ ವಿಮಾನ ಮೈದಾನವೊಂದರ ಕಥೆಯನ್ನ ನೆನಪಿಟ್ಟುಕೊಂಡಿರೋ ಜಾಗ ನಮ್ಮ ರಾಜ್ಯದಲ್ಲಿ ಇದ್ರೆ, ಅದು ಅದೇ.

ಕಾಲೇಜಿನಲ್ಲಿದ್ದಾಗ ಇಂಡಸ್ಟ್ರಿಯಲ್ ವಿಸಿಟ್ ಹೆಸರಲ್ಲಿ ಅಲ್ಲಿಗೆ ಹೋಗಿದ್ದೆ. ಆಗ ಕಣ್ಣಿಗೆ ಬಿದ್ದಿದ್ದು ಇಂಜಿನ್‌ಗಳು ಮಾತ್ರ. ಹೊಟ್ಟೆ ಸೀಳಿ ನಿಲ್ಲಿಸಿದ ಜೆಟ್ ಇಂಜಿನ್ ನೋಡಿ, ಕಂಪ್ರೆಸರ್ ಎಲ್ಲಿ, ಟರ್ಬೈನ್ ಎಲ್ಲಿ ಅಂತ ಬೆರಳು ತೋರಿಸಿ, ಅಂಗಳದಲ್ಲಿ ಫೋಟೋ ತೆಗೆಸ್ಕೊಂಡು, ಬೋಂಡಾ ತಿಂದು ಬಂದಿದ್ವಿ. ಈ ಸಲ ಒಬ್ಬನೇ ಹೋದೆ. ವಿಮಾನಗಳನ್ನ ನೋಡೋಕಲ್ಲ, ವಿಮಾನಗಳ ಕೆಳಗಿನ ನೆಲ ಹುಡುಕೋಕೆ.

ಮೊದಲು ಆ ನೆಲಕ್ಕೆ ವಿಮಾನ ಬಂದದ್ದು ಹೇಗೆ ಅನ್ನೋದು ಗೊತ್ತಿರಬೇಕು.

1939. ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಅಮೆರಿಕದಿಂದ ವಾಪಸ್ ಬರ್ತಾ ಇದ್ರು. ಪ್ರಯಾಣದಲ್ಲಿ ವಿಲಿಯಂ ಪಾಲಿ ಅನ್ನೋ ಅಮೆರಿಕನ್ ಸಿಕ್ಕಿದ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಮಾತಿಗೆ ಮಾತು ಬೆಳೆದು, ಭಾರತದಲ್ಲೇ ಯಾಕೆ ವಿಮಾನ ಮಾಡಬಾರದು ಅನ್ನೋ ಯೋಚನೆ ಹುಟ್ಟಿತು. ಬ್ರಿಟಿಷ್ ಸರ್ಕಾರ ಮೊದಲು ಕಿವಿಗೊಡಲಿಲ್ಲ. ಯುದ್ಧ ಕುತ್ತಿಗೆಗೆ ಬಂದಾಗ ಒಪ್ಪಿಕೊಂಡಿತು. ಜಾಗ ಎಲ್ಲಿ ಅಂತ ಹುಡುಕುವಾಗ ಕೈ ಚಾಚಿದ್ದು ಮೈಸೂರು ಸಂಸ್ಥಾನ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆಗೆ 700 ಎಕರೆ ಭೂಮಿ, ಜೊತೆಗೆ ಬಂಡವಾಳದಲ್ಲಿ ಪಾಲು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿ ಆಯ್ತು.

ಬೆಂಗಳೂರೇ ಯಾಕೆ? ಇಂಜಿನಿಯರಿಂಗ್ ಕಣ್ಣಲ್ಲಿ ನೋಡಿದ್ರೆ ಉತ್ತರ ಸುಲಭ. ಶಿವನಸಮುದ್ರದ ವಿದ್ಯುತ್ 1905ರಲ್ಲೇ ಊರಿಗೆ ಬಂದಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಜ್ಞಾನಿಗಳಿದ್ದರು. ಕರಾವಳಿಯಿಂದ ದೂರ, ಹಾಗಾಗಿ ಶತ್ರು ವಿಮಾನ ಸುಲಭವಾಗಿ ಮುಟ್ಟೋಕಾಗಲ್ಲ. ಹವೆ ಒಣ, ಲೋಹಕ್ಕೆ ತುಕ್ಕು ಕಡಿಮೆ. ಒಂದೇ ಒಂದು ಅನನುಕೂಲ, ಎತ್ತರ. ಈ ಮೈದಾನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 2,900 ಅಡಿ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಶೇಕಡಾ ಎಂಟರಷ್ಟು ತೆಳು. ರೆಕ್ಕೆಗೆ ಗಾಳಿಯೇ ಊಟ. ಊಟ ಕಡಿಮೆಯಾದ್ರೆ ವಿಮಾನ ಜಾಸ್ತಿ ಓಡಿದ ಮೇಲೆ ಏಳುತ್ತೆ. ಅಂದ್ರೆ ಉದ್ದದ ರನ್‌ವೇ ಬೇಕು, ಉದ್ದದ ರನ್‌ವೇಗೆ ಹೆಚ್ಚು ಹೊಲ ಬೇಕು.

ರನ್‌ವೇ ಯಾವ ದಿಕ್ಕಿಗೆ ಇರಬೇಕು ಅನ್ನೋದನ್ನ ತೀರ್ಮಾನಿಸೋದು ನಕ್ಷೆ ಬಿಡಿಸೋ ಇಂಜಿನಿಯರ್ ಅಲ್ಲ, ಗಾಳಿ. ವಿಮಾನ ಎದುರುಗಾಳಿಗೆ ಮುಖ ಮಾಡಿ ಏಳಬೇಕು, ಎದುರುಗಾಳಿಗೇ ಇಳಿಯಬೇಕು. ನಮ್ಮಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ರಾಗಿ ತೂರುವ ನಮ್ಮಜ್ಜಿಗೂ ಇದು ಗೊತ್ತಿತ್ತು. ಹಾಗಾಗಿ ಎಚ್‌ಎಎಲ್ ರನ್‌ವೇ ಪೂರ್ವ-ಪಶ್ಚಿಮ. ದೇವನಹಳ್ಳಿಯ ರನ್‌ವೇಗಳೂ ಪೂರ್ವ-ಪಶ್ಚಿಮವೇ. ಮಾಗಡಿ ಸೀಮೆಗೆ ನಾಳೆ ರನ್‌ವೇ ಬಂದ್ರೂ ಗಾಳಿ ಇದೇ. ನಕ್ಷೆ ತೆಗೆದು ಪೂರ್ವ-ಪಶ್ಚಿಮವಾಗಿ ಮೂರು-ನಾಲ್ಕು ಕಿಲೋಮೀಟರಿನ ಗೆರೆ ಎಳೆದು ನೋಡಿ. ಯಾರ ಹೊಲ, ಯಾವ ಕೆರೆ, ಯಾವ ಗುಂಡುತೋಪು ಆ ಗೆರೆಗೆ ಸಿಗುತ್ತೆ ಅನ್ನೋದು ಅಧಿಸೂಚನೆ ಬರೋ ಮೊದಲೇ ಅಂದಾಜಿಗೆ ಸಿಗುತ್ತೆ.

ಸರಿ, ಕಥೆಗೆ ಬರೋಣ. 1941ರಲ್ಲಿ ಹಾರ್ಲೋ ಅನ್ನೋ ತರಬೇತಿ ವಿಮಾನ ಜೋಡಿಸಿ ಹಾರಿಸಿದ್ರು. ಮುಂದಿನ ವರ್ಷ ಕರ್ಟಿಸ್ ಹಾಕ್ ಯುದ್ಧ ವಿಮಾನ. ಅಷ್ಟರಲ್ಲಿ ಜಪಾನ್ ಬರ್ಮಾವರೆಗೆ ಬಂದಿತ್ತು. 1942ರ ಏಪ್ರಿಲ್ ಮೊದಲ ವಾರ ಲೆಕ್ಕ ಹಾಕಿ. 2ನೇ ತಾರೀಖು ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನ ಕೊಂಡುಕೊಂಡಿತು. 5ನೇ ತಾರೀಖು ಕೊಲಂಬೋ ಮೇಲೆ ಬಾಂಬ್ ಬಿತ್ತು. 6ನೇ ತಾರೀಖು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಿತ್ತು. ಬೆಂಗಳೂರಿನ ಮೈದಾನ ಇನ್ನು ಕಾರ್ಖಾನೆಯ ಅಂಗಳ ಮಾತ್ರ ಆಗಿ ಉಳಿಯೋ ಹಾಗಿರಲಿಲ್ಲ. 1943ರಲ್ಲಿ ಅದರ ಉಸ್ತುವಾರಿ ಅಮೆರಿಕದ ವಾಯುಪಡೆ ಕೈಗೆ ಹೋಯ್ತು. 84ನೇ ಏರ್ ಡಿಪೋ ಅಂತ ಅದರ ಹೆಸರು. ಹೊಸ ವಿಮಾನ ಮಾಡೋದು ನಿಂತು, ರಿಪೇರಿ ಶುರುವಾಯ್ತು. ಬರ್ಮಾ, ಚೀನಾ ಕಡೆಯ ಯುದ್ಧದಲ್ಲಿ ಏಟು ತಿಂದ, ಸುಸ್ತಾದ ವಿಮಾನಗಳು ಇಲ್ಲಿಗೆ ಬರ್ತಿದ್ವು, ಬಿಚ್ಚಿ ಜೋಡಿಸಿಕೊಂಡು ವಾಪಸ್ ಹೋಗ್ತಿದ್ವು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಕ್ಯಾಟಲೀನಾದ್ದು. ಇದು ನೀರಿನ ಮೇಲೆ ಇಳಿಯೋ ವಿಮಾನ, ದೋಣಿ ಹೊಟ್ಟೆಯದ್ದು. ಸಮುದ್ರವೇ ಇಲ್ಲದ ಬೆಂಗಳೂರಿಗೆ ದೋಣಿ-ವಿಮಾನ ರಿಪೇರಿಗೆ ಬಂದ್ರೆ ಎಲ್ಲಿ ಇಳಿಯಬೇಕು? ಬೆಳ್ಳಂದೂರು ಕೆರೆಯಲ್ಲಿ! ಹೌದು, ಅದೇ ಬೆಳ್ಳಂದೂರು ಕೆರೆ. ನಾವು ಟಿವಿಯವರು 2015ರಲ್ಲಿ, 2017ರಲ್ಲಿ ನೊರೆಗೆ ಬೆಂಕಿ ಹತ್ತಿದೆ ಅಂತ ಲೈವ್ ಕೊಟ್ಟ ಕೆರೆ. ಎಂಬತ್ತು ವರ್ಷದ ಹಿಂದೆ ಅದು ವಿಮಾನ ಇಳಿಯುವಷ್ಟು ತಿಳಿಯಾಗಿತ್ತು, ಅಗಲವಾಗಿತ್ತು. ಲೈವ್ ಕೊಡುವಾಗ ನಮ್ಮಲ್ಲಿ ಒಬ್ಬರಾದ್ರೂ ಇದನ್ನ ಹೇಳಿದ್ವಾ? ಇಲ್ಲ. ನನಗೇ ಗೊತ್ತಿರಲಿಲ್ಲ.

ಯುದ್ಧ ಮುಗೀತು, ಅಮೆರಿಕನ್ನರು ಹೋದ್ರು. ಇನ್ನೇನು ಕೆಲಸ? ಸಾವಿರಾರು ಜನ ಕಲಿತ ಕೈಗಳು ಸುಮ್ಮನೆ ಕೂರೋ ಹಾಗಿಲ್ಲ. ಬಸ್ ಬಾಡಿ ಕಟ್ಟಿದ್ರು, ರೈಲು ಬೋಗಿ ಮಾಡಿದ್ರು. ಇವತ್ತಿನ ಬಿಇಎಂಎಲ್ ಮೂಲ ಅಲ್ಲೇ ಇದೆ. ಎಚ್‌ಎಎಲ್‌ನ ರೈಲು ಬೋಗಿ ವಿಭಾಗವೇ 1964ರಲ್ಲಿ ಅದರ ಪಾಲಾಯ್ತು. ಮೆಟ್ರೋ ಬೋಗಿ ಹತ್ತುವಾಗ ನೆನಪಿಟ್ಟುಕೊಳ್ಳಿ, ಆ ಬೋಗಿಯ ವಂಶಾವಳಿ ವಿಮಾನ ಮೈದಾನಕ್ಕೆ ಹೋಗುತ್ತೆ.

ಆದ್ರೆ ನಿಜವಾದ ಪವಾಡ ಬೇರೆ. ಕಾನ್ಪುರದ ಮೈದಾನದಲ್ಲಿ ಲಿಬರೇಟರ್ ಅನ್ನೋ ಬಾಂಬರ್ ವಿಮಾನಗಳು ಸಾಲಾಗಿ ಬಿದ್ದಿದ್ವು. ನಾಲ್ಕು ಇಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಅಮೆರಿಕ ಯುದ್ಧಕ್ಕಂತ ಬ್ರಿಟನ್ನಿಗೆ ಸಾಲವಾಗಿ ಕೊಟ್ಟದ್ದು. ಕರಾರಿನ ಪ್ರಕಾರ ಯುದ್ಧ ಮುಗಿದಮೇಲೆ ವಾಪಸ್ ಕೊಡಬೇಕು ಅಥವಾ ಹಾಳುಮಾಡಬೇಕು. ಬ್ರಿಟಿಷರು ಹಾಳುಮಾಡಿದ್ರು. ಇನ್ನೊಬ್ಬರು ಬಳಸಬಾರದು ಅಂತ ಉಪಕರಣಗಳನ್ನ ಒಡೆದು, ಇಂಜಿನ್ ಕೆಡಿಸಿ ಹೋದ್ರು. ಸ್ವತಂತ್ರ ಭಾರತದ ವಾಯುಪಡೆಗೆ ಬಾಂಬರ್ ಬೇಕಿತ್ತು, ಕೊಳ್ಳೋಕೆ ಕಾಸಿರಲಿಲ್ಲ. ಬೆಂಗಳೂರಿನ ಮೆಕ್ಯಾನಿಕ್‌ಗಳು ಆ ಗುಜರಿಯನ್ನ ನೋಡಿ, ಆಗುತ್ತೆ ಅಂದ್ರು. ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಹಾಕಿ, ಹಾರೋ ಮಟ್ಟಕ್ಕೆ ತಂದ್ರು. ಎಚ್‌ಎಎಲ್ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್ಷೇದ್ ಮುನ್ಷಿ ಅವನ್ನ ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದ್ರು. ಅರೆಬರೆ ರಿಪೇರಿಯಾದ ನಾಲ್ಕು ಇಂಜಿನ್ ಬಾಂಬರ್‌ನಲ್ಲಿ ಅಷ್ಟು ದೂರ! ಇಲ್ಲಿ ಪೂರ್ತಿ ರಿಪೇರಿಯಾದವು ನಲವತ್ತಕ್ಕೂ ಹೆಚ್ಚು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಈ ವಿಮಾನಗಳಿಂದ. 1968ರ ಕೊನೆಯವರೆಗೂ ಅವು ಹಾರಿದ್ವು. ಜಗತ್ತಿನ ಬೇರೆ ಸೇನೆಗಳೆಲ್ಲ ಲಿಬರೇಟರನ್ನ ಮರೆತ ಮೇಲೂ ನಾವು ಹಾರಿಸ್ತಿದ್ವಿ.

ಇಲ್ಲಿಂದ ಮುಂದೆ ಕೇಳಿ. ಆ ವಿಮಾನಗಳು ನಿವೃತ್ತಿಯಾದಾಗ ವಿದೇಶದ ವಸ್ತುಸಂಗ್ರಹಾಲಯಗಳು ಓಡಿ ಬಂದ್ವು. ಯಾಕಂದ್ರೆ ಯುದ್ಧ ಮುಗಿದ ಮೇಲೆ ಅಮೆರಿಕ ತನ್ನ ಲಿಬರೇಟರ್‌ಗಳನ್ನ ಬಹುಪಾಲು ಕರಗಿಸಿಬಿಟ್ಟಿತ್ತು. ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರೋ ಲಿಬರೇಟರ್ ನಮ್ಮ ವಾಯುಪಡೆ ಕೊಟ್ಟದ್ದು. ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರೋದು ನಮ್ಮದು. ಕೆನಡಾದ ಒಟ್ಟಾವದಲ್ಲಿರೋದೂ ನಮ್ಮದು. ಕಾಲಿಂಗ್ಸ್ ಫೌಂಡೇಶನ್ ಅನ್ನೋ ಸಂಸ್ಥೆ ಅಮೆರಿಕದ ಊರೂರಿಗೆ ಹಾರಿಸಿಕೊಂಡು ಹೋಗಿ ತೋರಿಸುತ್ತಿದ್ದ ಲಿಬರೇಟರ್ ಕೂಡ ಕಾನ್ಪುರದ ಗುಜರಿಯಿಂದ ಎದ್ದು, ಎಚ್‌ಎಎಲ್ ಕೈಯಲ್ಲಿ ಜೀವ ಪಡೆದದ್ದು. ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲೂ ಒಂದಿದೆ. ಬೆಂಗಳೂರಿನ ಅಂಗಳದಲ್ಲಿ? ನಾನು ಹೋದ ದಿನ ಸುತ್ತ ಹುಡುಕಿದೆ. ಕಾಣಲಿಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿಯ ಮನೆಯಲ್ಲಿ ಮಗುವಿನ ಫೋಟೋ ಇರಲ್ಲ, ಅದು ಲೋಕಾರೂಢಿ.

ಹಾಗಂತ ಆ ಸಂಗ್ರಹಾಲಯದಲ್ಲಿ ಏನೂ ಇಲ್ಲ ಅಂದ್ಕೋಬೇಡಿ. ಅದು ಶುರುವಾಗಿದ್ದು 2001ರಲ್ಲಿ. ಅದೇ ವರ್ಷದ ಜನವರಿ 4ರಂದು ತೇಜಸ್ ವಿಮಾನ ಪಕ್ಕದ ಇದೇ ರನ್‌ವೇಯಿಂದ ಮೊದಲ ಸಲ ಎದ್ದಿತ್ತು. ನಾಲ್ಕು ಎಕರೆ ಜಾಗ, ಹಸಿರು ಅಂಗಳ, ಎರಡು ದೊಡ್ಡ ಹಾಲ್. ಒಂದರಲ್ಲಿ 1940ರಿಂದ ಈಚೆಗೆ ದಶಕ ದಶಕವಾಗಿ ಫೋಟೋಗಳು. ಇನ್ನೊಂದರಲ್ಲಿ ಇಂಜಿನ್‌ಗಳು. ಹೊರಗೆ ಎಚ್‌ಟಿ-2 ಇದೆ. ಇದರ ವಿನ್ಯಾಸ ಮಾಡಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಟಲ್ ಕೈಕೆಳಗೆ ಕಲಿತು ಬಂದವರು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ಯಾರನ್ನಾದ್ರೂ ಕೇಳಿ, ಪ್ರಾಂಟಲ್ ಅಂದ್ರೆ ಎದ್ದು ನಿಲ್ತಾರೆ. (ನಾನು ಆ ಪೇಪರಲ್ಲಿ ಎರಡನೇ ಸಲಕ್ಕೆ ಪಾಸಾದವನು, ನನಗೆ ಕೂತೇ ನಮಸ್ಕಾರ ಮಾಡೋ ಯೋಗ್ಯತೆ.) 1951ರಲ್ಲಿ ಎಚ್‌ಟಿ-2 ಹಾರಿಸಿದವರು ಅದೇ ಮುನ್ಷಿ. ಪಕ್ಕದಲ್ಲಿ ಮಾರುತ್ ಯುದ್ಧ ವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ನಮ್ಮವರ ಜೊತೆ ಸೇರಿ ಮಾಡಿದ್ದು. 1961ರ ಜೂನ್ 17ರಂದು ಅದನ್ನ ಮೊದಲ ಸಲ ಎಬ್ಬಿಸಿದವರು ಸುರಂಜನ್ ದಾಸ್. ಚೆಲುವಾದ ದೇಹ, ಆದ್ರೆ ಆ ದೇಹಕ್ಕೆ ತಕ್ಕ ಇಂಜಿನ್ ಕಡೆವರೆಗೂ ಸಿಗಲಿಲ್ಲ. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ದಾಸ್ ತೀರಿಕೊಂಡರು. ದಿನಾ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೈಕೊಂಡು ನಿಲ್ಲೋ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾರದ್ದು ಅಂತ ಗೊತ್ತು?

ಮಾರುತ್ ಅಂದಾಗ ಇನ್ನೊಂದು ನೆನಪಾಯ್ತು. ಮಾರುತ್ ವಿಮಾನದಿಂದಲೇ ಮಾರತ್‌ಹಳ್ಳಿಗೆ ಆ ಹೆಸರು ಬಂತು ಅಂತ ಆ ಭಾಗದಲ್ಲಿ ಜನ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ವಿಮಾನ ಹಾರಿದ್ದು 1961ರಲ್ಲಿ, ಊರಿನ ಹೆಸರು ಅದಕ್ಕಿಂತ ಎಷ್ಟೋ ಹಳೇದು. ನೋಡಿ, ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಊರಿನ ಕಥೆಯನ್ನ ಯಾರೂ ಬರೆದಿಡದೇ ಹೋದ್ರೆ, ಆ ಖಾಲಿ ಜಾಗಕ್ಕೆ ವಿಮಾನ ಬಂದು ಕೂರುತ್ತೆ. ಆಮೇಲೆ ಊರಿಗೆ ಹೆಸರಿಟ್ಟದ್ದೂ ವಿಮಾನವೇ ಆಗುತ್ತೆ.

ಹಾಲ್‌ನಲ್ಲಿ ನಿಂತು ನಾನು ಹುಡುಕಿದ್ದು ಇದನ್ನೇ. ಮೈಸೂರು ಸಂಸ್ಥಾನ ಕೊಟ್ಟ ಆ 700 ಎಕರೆ ಒಂದು ಕಾಲಕ್ಕೆ ಬರೀ ನೆಲ. ಅಲ್ಲಿ ಹೊಲ ಯಾವುದಿತ್ತು, ಬಾವಿ ಎಲ್ಲಿತ್ತು, ದನ ಯಾವ ದಾರಿಯಲ್ಲಿ ಹೋಗ್ತಿದ್ವು, ಯಮಲೂರಿನಿಂದ ಕೋನೇನ ಅಗ್ರಹಾರಕ್ಕೆ ಕಾಲುದಾರಿ ಹೇಗಿತ್ತು ಅನ್ನೋ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಇದು ತಪ್ಪು ಹುಡುಕೋ ಮಾತಲ್ಲ. ವಿಮಾನ ಮಾಡೋರು ಕಟ್ಟಿದ ಸಂಗ್ರಹಾಲಯ ವಿಮಾನದ ಕಥೆ ಹೇಳುತ್ತೆ, ಅದು ಸಹಜ. ಆದ್ರೆ ಕಾರ್ಖಾನೆಯ ಮನುಷ್ಯರ ಕಥೆಯೂ ಇದೆಯಲ್ಲ? ಸೈರನ್ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ತಿದ್ದ ವಿಮಾನಪುರದ ಮನೆಗಳು. 1980ರ ಡಿಸೆಂಬರ್‌ನಲ್ಲಿ ಶುರುವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ, ಅದರಲ್ಲಿ ಎಚ್‌ಎಎಲ್ ಕಾರ್ಮಿಕರೂ ಇದ್ದರು. 1990ರ ಫೆಬ್ರವರಿ 14ರಂದು ಇಳಿಯೋಕೆ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ರನ್‌ವೇ ತಲುಪದೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಜನ ಸತ್ತದ್ದು. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾಗಿ, ಹಳೇ ನಿಲ್ದಾಣದಲ್ಲಿ ಪ್ರಯಾಣಿಕರ ಸದ್ದು ಅಡಗಿದ ರಾತ್ರಿ. ಇವೆಲ್ಲ ಸೇರಿದ್ರೆ ತಾನೇ ಮೈದಾನದ ಚರಿತ್ರೆ?

ಎಚ್‌ಎಎಲ್ ಮೈದಾನಕ್ಕಾದ್ರೂ ಒಂದು ಸಂಗ್ರಹಾಲಯ ಇದೆ. ಕೋಲಾರಕ್ಕೆ ಅದೂ ಇಲ್ಲ. ಹೌದು, ಕೋಲಾರದಲ್ಲೂ ಯುದ್ಧಕಾಲದ ವಿಮಾನ ಮೈದಾನ ಇತ್ತು. 1944ರ ನವೆಂಬರ್ 8ರಂದು ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಹುಟ್ಟಿದ್ದು ಕೋಲಾರದಲ್ಲಿ. ಲಿಬರೇಟರ್ ವಿಮಾನಗಳಲ್ಲೇ. ಆಮೇಲೆ ಬಂಗಾಳಕ್ಕೆ ಹೋಗಿ, ಜಪಾನ್ ಹಿಡಿತದ ಬರ್ಮಾ, ಸಯಾಂ, ಇಂಡೋಚೀನಾಗಳಲ್ಲಿ ಗೂಢಚಾರರನ್ನ, ಸರಂಜಾಮನ್ನ ರಾತ್ರಿ ಹೊತ್ತು ಪ್ಯಾರಾಚೂಟಿನಲ್ಲಿ ಇಳಿಸೋ ಕೆಲಸ. ಸಿನಿಮಾ ಮಾಡಬಹುದಾದ ಕಥೆ, ಕೋಲಾರದ ನೆಲದಿಂದ ಶುರುವಾದದ್ದು. ಯಲಹಂಕದಲ್ಲಿ 1944ರಲ್ಲಿ ಪೈಲಟ್‌ಗಳಿಗೆ ಮಸ್ಕಿಟೋ ವಿಮಾನ ಕಲಿಸ್ತಿದ್ರು. ಮರದ ಹಲಗೆ ಅಂಟಿಸಿ ಮಾಡಿದ ವಿಮಾನ ಅದು. ನಮ್ಮ ಬಿಸಿಲು, ಮಳೆಗೆ ಅಂಟು ಬಿಡ್ತಾ ಇದೆಯಾ ಅನ್ನೋ ಅನುಮಾನ ಬಂದು ಆ ವರ್ಷದ ಕೊನೆಗೆ ಅವನ್ನ ಹಾರದಂತೆ ನಿಲ್ಲಿಸಬೇಕಾಯ್ತು. ಯಲಹಂಕ ಇವತ್ತಿಗೂ ವಾಯುಪಡೆ ನೆಲೆ, ಏರೋ ಇಂಡಿಯಾ ನಡೆಯೋ ಜಾಗ. ಏರ್ ಶೋ ನೋಡೋಕೆ ಲಕ್ಷ ಜನ ಹೋಗ್ತೀವಿ, ಅಂಟು ಬಿಟ್ಟ ವಿಮಾನದ ಕಥೆ ಹೇಳೋರು ಯಾರೂ ಇರಲ್ಲ.

ಬೇರೆ ಕಡೆ ಇದನ್ನ ಹೇಗೆ ಮಾಡಿದ್ದಾರೆ ಅಂತ ಹೇಳಿಬಿಡ್ತೀನಿ. ಇಂಗ್ಲೆಂಡಿನಲ್ಲಿ ಥಾರ್ಪ್ ಆಬಟ್ಸ್ ಅಂತ ಒಂದು ಹಳ್ಳಿ ಇದೆ. ಯುದ್ಧಕಾಲದಲ್ಲಿ ಅಲ್ಲಿನ ಹೊಲಗಳ ಮೇಲೆ ಅಮೆರಿಕದ 100ನೇ ಬಾಂಬ್ ಗ್ರೂಪಿನ ಮೈದಾನ ಕಟ್ಟಿದ್ರು. ಯುದ್ಧ ಮುಗಿದು ಹೊಲ ಮತ್ತೆ ಹೊಲ ಆಯ್ತು. ಕಂಟ್ರೋಲ್ ಟವರ್ ಮಾತ್ರ ಪಾಳುಬಿದ್ದು ನಿಂತಿತ್ತು. 1970ರ ದಶಕದ ಕೊನೆಯಲ್ಲಿ ಸುತ್ತಮುತ್ತಲ ಊರಿನವರೇ ಸೇರಿ ಅದನ್ನ ದುರಸ್ತಿ ಮಾಡಿ, 1981ರಲ್ಲಿ ಸಂಗ್ರಹಾಲಯ ಮಾಡಿದ್ರು. ಸರ್ಕಾರ ಮಾಡಲಿ ಅಂತ ಕೂರಲಿಲ್ಲ. ಹಾಗಾಗಿ ಅಲ್ಲಿ ಬಾಂಬರ್ ಕಥೆಯ ಜೊತೆ, ಆ ಹುಡುಗರಿಗೂ ಹಳ್ಳಿಯವರಿಗೂ ಇದ್ದ ಒಡನಾಟದ ಕಥೆಯೂ ಸೇರಿಕೊಂಡಿದೆ.

ಬರ್ಲಿನ್‌ನ ಟೆಂಪೆಲ್‌ಹೋಫ್ ಮುಚ್ಚಿದ್ದು ನಮ್ಮ ಹಳೇ ಏರ್‌ಪೋರ್ಟಿನ ವರ್ಷವೇ, 2008ರ ಅಕ್ಟೋಬರ್‌ನಲ್ಲಿ. ಆ ಮೈದಾನದಲ್ಲಿ ಕಟ್ಟಡ ಕಟ್ಟೋಣ ಅಂತ ಸರ್ಕಾರ ಹೊರಟಾಗ 2014ರಲ್ಲಿ ಜನ ಮತ ಹಾಕಿ ಬೇಡ ಅಂದ್ರು. ಇವತ್ತು ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೀತಾರೆ. ಅಲ್ಲಲ್ಲಿ ಫಲಕಗಳಿವೆ. ಅವುಗಳಲ್ಲಿ 1948ರ ದಿಗ್ಬಂಧನದ ಕಾಲಕ್ಕೆ ವಿಮಾನದಲ್ಲಿ ಹಿಟ್ಟು, ಕಲ್ಲಿದ್ದಲು ಇಳಿಸಿದ ಹೆಮ್ಮೆಯ ಕಥೆ ಮಾತ್ರ ಇಲ್ಲ. ಪಕ್ಕದಲ್ಲೇ ನಾಜಿಗಳು ನಡೆಸಿದ ಕೊಲಂಬಿಯಾ ಹೌಸ್ ಸೆರೆಮನೆಯ ಕಥೆಯೂ ಇದೆ, ವಿಮಾನ ಕಾರ್ಖಾನೆಯಲ್ಲಿ ಬಲವಂತಕ್ಕೆ ದುಡಿದವರ ಕಥೆಯೂ ಇದೆ.

ನಮ್ಮ ಮಾಗಡಿ ಸೀಮೆಯವರಿಗೆ ವಿಮಾನ ನಿಲ್ದಾಣದ ಜೊತೆ ಇನ್ನೊಂದು ನಂಟೂ ಇದೆ, ಅದು ಕೆಂಪೇಗೌಡರದ್ದು. ದೇವನಹಳ್ಳಿಯ ನಿಲ್ದಾಣಕ್ಕೆ 2013ರಲ್ಲಿ ಅವರ ಹೆಸರಿಟ್ಟರು. 2022ರಲ್ಲಿ ಅಲ್ಲಿ 108 ಅಡಿಯ ಪ್ರತಿಮೆ ನಿಂತಿತು. ಅವರ ಸಮಾಧಿ ಇರೋದು ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಅದು ಅವರದ್ದು ಅಂತ ನಾಡಿಗೆ ಗೊತ್ತಾಗಿದ್ದು ತೀರಾ ಈಚೆಗೆ, 2015ರಲ್ಲಿ. ಬೆಂಗಳೂರು ಕಟ್ಟಿದವರ ಸಮಾಧಿಯ ವಿಳಾಸವನ್ನೇ ನಾವು ಇಷ್ಟು ಕಾಲ ಮರೆತಿದ್ವಿ ಅಂದ್ರೆ, ಹೊಲದ ಬಾವಿಯ ಹೆಸರು ಯಾವ ಲೆಕ್ಕ? ಹೆಸರು ಎಷ್ಟು ಬೇಗ ಬದಲಾಗುತ್ತೆ ಅನ್ನೋದಕ್ಕೆ ದೂರ ಹೋಗೋದೂ ಬೇಡ. ನಾನು ಆ ಟೀ ಕುಡಿದಾಗ ಜಿಲ್ಲೆಯ ಹೆಸರು ರಾಮನಗರ. ಮುಂದಿನ ತಿಂಗಳಿಗೆ ಬೆಂಗಳೂರು ದಕ್ಷಿಣ.

ಇನ್ನು ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ. ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಬೇಕು ಅಂದಾಗ ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ್ರು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ಅಲ್ಲಿ ಊರು ಉಳೀತು. ಚಿಕ್ಕಸೋಲೂರಿಗೆ ನಿಲ್ದಾಣ ಬರುತ್ತೋ, ಕನಕಪುರ ರಸ್ತೆಗೆ ಹೋಗುತ್ತೋ ಅದು ಬೇರೆ ಚರ್ಚೆ. ಬರಬೇಕೋ ಬೇಡವೋ ಅನ್ನೋದಕ್ಕೆ ಸ್ಟುಡಿಯೋದಲ್ಲಿ ಎಷ್ಟೋ ಗಂಟೆ ಕಿರುಚಾಡಿದ್ದೀವಿ. ಬರೆದಿಡೋ ಕೆಲಸ ಮಾತ್ರ ಎರಡಕ್ಕೂ ಸಂಬಂಧ ಇಲ್ಲದ್ದು. ನಿಲ್ದಾಣ ಬಂದ್ರೂ ಬೇಕು, ಬರದಿದ್ರೂ ಬೇಕು. ಬಂದಮೇಲೆ ಶುರುಮಾಡ್ತೀನಿ ಅಂದ್ರೆ ಆಗಲ್ಲ. ಬುಲ್ಡೋಜರ್ ಹೋದಮೇಲೆ ಹೊಲದ ಹೆಸರು ಕೇಳೋಕೆ ಹೊಲವೇ ಇರಲ್ಲ.

ಸಂಗ್ರಹಾಲಯದಿಂದ ಹೊರಗೆ ಬಂದು ಆ ಹಿರಿಯರಿಗೆ ಫೋನ್ ಮಾಡಿದೆ. ಯಾರು ಬರೀತಾರೆ ಅಂತ ಕೇಳಿದ್ರಲ್ಲ, ವಿಮಾನದೋರು ಬರೆಯಲ್ಲ, ಅವರು ವಿಮಾನದ್ದು ಬರೀತಾರೆ, ನೀವೇ ಬರೀಬೇಕು ಅಂದೆ. ಅವರು ನಕ್ಕು, ನಾನು ಏಳನೇ ಕ್ಲಾಸು ಅಂದ್ರು. ಏಳನೇ ಕ್ಲಾಸು ಸಾಕು ಅಂತ ಹೀಗೆ ಹೇಳಿದೆ. ಸರ್ವೆ ಇಲಾಖೆಯ ಗ್ರಾಮ ನಕ್ಷೆ ತರಿಸಿ. ಅದರಲ್ಲಿ ಸರ್ವೆ ನಂಬರ್ ಇರುತ್ತೆ, ಕೆರೆ, ಕಾಲುದಾರಿ, ಬಂಡಿ ದಾರಿ ಇರುತ್ತೆ. ಇಲ್ಲದೇ ಇರೋದು ಜನ ಕರೆಯೋ ಹೆಸರು. ಒಂದೊಂದು ನಂಬರಿನ ಪಕ್ಕ ಆ ಹೊಲವನ್ನ ಊರಿನವರು ಏನಂತ ಕರೀತಾರೆ ಅಂತ ಬರೀರಿ. ಪಹಣಿಯಲ್ಲಿ ಮಾಲೀಕರ ಹೆಸರು ಸಿಗುತ್ತೆ, ಆದ್ರೆ ಆ ಹೊಲದಲ್ಲಿ ಕಣ ಎಲ್ಲಿ ಮಾಡ್ತಿದ್ರು ಅನ್ನೋದು ಸಿಗಲ್ಲ. ಅದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ಊರ ಬಾಗಿಲಲ್ಲಿ ಬರಹದ ಕಲ್ಲಿದ್ರೆ ಅದರ ಫೋಟೋ ತೆಗೆಸಿ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳಿವೆ, ನಿಮ್ಮ ಕಲ್ಲು ಅದರಲ್ಲಿ ಇದೆಯಾ ಅಂತ ನಾನು ನೋಡ್ತೀನಿ. ಮೊಮ್ಮಗಳ ಮೊಬೈಲಿನಲ್ಲಿ ಜಿಪಿಎಸ್ ಇದೆಯಲ್ಲ, ಪ್ರತಿ ಬಾವಿ ಹತ್ತಿರ ನಿಂತು ಒಂದು ಗುರುತು ಹಾಕಿಸಿ. ನಾಳೆ ಅದರ ಮೇಲೆ ರನ್‌ವೇ ಬಂದ್ರೂ, ಟರ್ಮಿನಲ್ ಬಂದ್ರೂ, ಈ ಕಂಬದ ಕೆಳಗೆ ಈ ಬಾವಿ ಇತ್ತು ಅಂತ ಬೆರಳಿಟ್ಟು ತೋರಿಸಬಹುದು. ಏನೂ ಬರದೇ ಹೋದ್ರೆ ಮೊಮ್ಮಗಳ ಹತ್ತಿರ ಊರಿನದೊಂದು ನಕ್ಷೆ ಉಳಿಯುತ್ತೆ.

ಅವರು ಹೂಂ ಅಂದ್ರು. ಮಾಡ್ತಾರೋ ಇಲ್ಲವೋ ಅಂತ ನನಗೂ ಅನುಮಾನ ಇತ್ತು. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರದೇ ಫೋನ್. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಹೊಲದ ಹೆಸರು ಆಗಿದೆಯಂತೆ. ಮೊಮ್ಮಗಳು ಗುರುತು ಹಾಕ್ತಿದ್ದಾಳೆ. ಹನ್ನೊಂದು ಬಾವಿ ಮುಗಿದಿದೆ, ಅದರಲ್ಲಿ ಏಳರಲ್ಲಿ ನೀರಿಲ್ಲ. ಒಂದೇ ತಕರಾರು. ಕೆರೆ ಹಿಂದಿನ ಬಾವಿಯ ಹೆಸರು ಸೇಂದಿ ಬಾವಿ ಅಂತ ಇವರು, ಅಲ್ಲ ಸೇದೋ ಬಾವಿ ಅಂತ ಇವರ ತಮ್ಮ. ಇಬ್ಬರೂ ಎರಡು ವಾರದಿಂದ ಮಾತು ಬಿಟ್ಟಿದ್ದಾರೆ. "ಯಾವುದು ಬರೀಲಿ?" ಅಂದ್ರು. ಎರಡೂ ಬರೀರಿ ಅಂದೆ.